ಭಟ್ಟಿ ಮುತ್ತಮ್ಮನ ಮೂಗು

ಭಟ್ಟಿ ಮುತ್ತಮ್ಮ ದುರಹಂಕಾರಿ ಹೆಂಗಸು. ಅವಳಿಂದ ಉಪಕಾರ ಪಡೆದವರು ಕೂಡ ಇದನ್ನು ಅಲ್ಲಗಳೆಯುತ್ತಿರಲಿಲ್ಲ. ತನ್ನಿಂದ ತಪ್ಪಾಯಿತು ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ಅನ್ನ ಸೀದರೆ ಅಕ್ಕಿ ಕೆಟ್ಟದ್ದು, ಮಡಕೆ ಜಾರಿ ಒಡೆದರೆ ಕುಂಬಾರ ಕೆಟ್ಟವನು. ಗಂಡ ನರಸಿಂಹಯ್ಯ ತೀರಿಕೊಂಡ ದಿನ, ಹೆಣ ಇನ್ನೂ ಅಂಗಳದಲ್ಲಿರುವಾಗಲೇ, "ನನ್ನ ಮಾತು ಕೇಳಿದ್ರೆ ಇನ್ನೊಂದಷ್ಟು ವರ್ಷ ಇರ್ತಿದ್ರು" ಎಂದು ಬಂದವರ ಮುಂದೆ ಹೇಳಿದಳು. ಅಳು ಆಮೇಲೆ ಬಂತು.

ಸೊಸೆ ಗಂಗರತ್ನ ಇದನ್ನು ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಎಂಥವಳೆಂದು ತೀರ್ಮಾನಿಸಿಕೊಂಡಿದ್ದಳು. ಅವಳು ಹೊಸಕೋಟೆ ಕಡೆಯವಳು. ಮಾಕಳಿದುರ್ಗದ ಬೆಟ್ಟದ ಬುಡದ ಈ ಮನೆಯ ಹೊಸಿಲು ದಾಟುತ್ತಲೇ ನೀಲಗಿರಿ ಎಣ್ಣೆಯ ಘಾಟು ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ತುಂಬಿತ್ತು. ನೆಂಟರೆಲ್ಲ ಹುಡುಗಿ ತವರು ನೆನೆದು ಅಳುತ್ತಿದ್ದಾಳೆ ಎಂದುಕೊಂಡರು. ಗೋಡೆ, ಹಾಸಿಗೆ, ಕುಡಿಯುವ ನೀರಿನ ಚೆಂಬು, ಕೊನೆಗೆ ಗಂಡ ಜಯಕುಮಾರನ ಅಂಗಿ, ಎಲ್ಲದಕ್ಕೂ ಒಂದೇ ವಾಸನೆ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಸ ಗುಡಿಸುವುದನ್ನು ಮುತ್ತಮ್ಮ ನೋಡಿದಳು.

"ಯಾಕಮ್ಮ, ನಮ್ಮನೆ ನಾರುತ್ತಾ?"

"ಇಲ್ಲ ಅತ್ತೆ. ನೀಲಗಿರಿ ವಾಸನೆ ಸ್ವಲ್ಪ..."

"ಎಲ್ಲಿದೆ ವಾಸನೆ? ಭಟ್ಟಿ ಆರಿ ನಾಕು ದಿನ ಆಯ್ತು. ಹೊಸಕೋಟೇಲಿ ಏನು, ಮಲ್ಲಿಗೆ ಹಾಸ್ಕೊಂಡು ಮಲಗ್ತಿದ್ರಾ?"

ಅತ್ತೆ ಹಂಗಿಸುತ್ತಿದ್ದಾಳೆ ಎಂದುಕೊಂಡು ಗಂಗರತ್ನ ಸೆರಗು ಇಳಿಸಿ ಮತ್ತೆ ಗುಡಿಸತೊಡಗಿದಳು.

ಆ ಸೀಮೆಯಲ್ಲಿ ರಾಗಿ ಹೊಲಗಳಿಗೆ ನೀಲಗಿರಿ ನೆಟ್ಟ ಕಾಲ ಅದು. ಮರ ಕಡಿದು ಲಾರಿಗೆ ತುಂಬಿ ಕಾರ್ಖಾನೆಗೆ ಕಳಿಸಿದ ಮೇಲೆ ಸೊಪ್ಪು ಹೊಲದಲ್ಲೇ ಬಿದ್ದಿರುತ್ತಿತ್ತು. ನರಸಿಂಹಯ್ಯ ಅದನ್ನು ಕಂಡು ಮನೆಯ ಹಿಂದೆ ಭಟ್ಟಿ ಹಾಕಿದ. ಒಲೆಯ ಮೇಲೆ ದೊಡ್ಡ ಕಬ್ಬಿಣದ ಡ್ರಮ್ಮು. ಅದಕ್ಕೆ ಸೊಪ್ಪು ತುಂಬಿ, ತಳಕ್ಕೆ ನೀರು ಬಿಟ್ಟು, ಮುಚ್ಚಳದ ಸಂದಿಗೆ ಜೇಡಿಮಣ್ಣು ಮೆತ್ತಿ ಬೇಯಿಸುವುದು. ಆವಿ ಕೊಳವೆಯಲ್ಲಿ ಹೊರಟು, ತಣ್ಣೀರಿನ ತೊಟ್ಟಿಯೊಳಗೆ ಸುತ್ತು ಹಾಕಿ ಹೊರಬರುವಷ್ಟರಲ್ಲಿ ನೀರೂ ಎಣ್ಣೆಯೂ ಆಗಿ ಇಳಿಯುತ್ತದೆ. ಎಣ್ಣೆ ಮೇಲೆ ತೇಲುತ್ತದೆ. ಮೂಟೆಗಟ್ಟಲೆ ಸೊಪ್ಪಿಗೆ ಸಿಗುವುದು ಇಷ್ಟೇ ಇಷ್ಟು ಎಣ್ಣೆ. ಎಣ್ಣೆ ಬೆಂಗಳೂರಿನ ಚಿಕ್ಕಪೇಟೆಗೆ ಹೋಗುತ್ತಿತ್ತು, ಬೆಂದ ಸೊಪ್ಪು ಒಣಗಿ ಮತ್ತೆ ಒಲೆಗೇ ಬರುತ್ತಿತ್ತು. ನರಸಿಂಹಯ್ಯ ಸತ್ತ ಮೇಲೆ ನೆಂಟರು ಭಟ್ಟಿ ಮಾರಿಬಿಡು ಎಂದರು. ಮುತ್ತಮ್ಮ ಸೀರೆ ಎತ್ತಿ ಕಟ್ಟಿ ಒಲೆಯ ಮುಂದೆ ಕೂತಳು. ಮಗನನ್ನು ಓದಿಸಿ ದೊಡ್ಡಬಳ್ಳಾಪುರದ ಪವರ್‌ಲೂಮಿನಲ್ಲಿ ಮೆಕ್ಯಾನಿಕ್ ಮಾಡಿದ್ದು ಅದೇ ಒಲೆ.

ಊರಿಗೆ ಅವಳು ವೈದ್ಯಳೂ ಹೌದು. ನೆಗಡಿ ಕಟ್ಟಿದವರಿಗೆ ಬಿಸಿನೀರಿನ ಪಾತ್ರೆಗೆ ಎಣ್ಣೆಯ ಹನಿ ಬಿಟ್ಟು ಕಂಬಳಿ ಹೊದಿಸುತ್ತಿದ್ದಳು. ಮಂಡಿ ಹಿಡಿದವರಿಗೆ ಹರಳೆಣ್ಣೆಯಲ್ಲಿ ಬೆರೆಸಿ ಕೊಡುತ್ತಿದ್ದಳು. ಬರೀ ಎಣ್ಣೆ ಹಚ್ಚಿದರೆ ಚರ್ಮ ಸುಡುತ್ತದೆಂದು ಅವಳಿಗೆ ಗೊತ್ತಿತ್ತು. ಒಮ್ಮೆ ಪಕ್ಕದ ಬೀದಿಯ ಆವಲಪ್ಪ ಕಂಬಳಿಯೊಳಗಿಂದ ಹೋ ಎಂದು ಕಿರುಚುತ್ತಾ ಎದ್ದು ಬಾವಿಕಟ್ಟೆಗೆ ಓಡಿದ.

"ಕಣ್ಣು ಮುಚ್ಕೋ ಅಂದಿದ್ನಲ್ಲೋ!" ಎಂದು ಮುತ್ತಮ್ಮ ಹಿಂದಿನಿಂದ ಕೂಗಿದಳು. "ಮೂಗಲ್ಲಿ ಉಸಿರಾಡು ಅಂದ್ರೆ ಕಣ್ಣಲ್ಲಿ ಉಸಿರಾಡ್ತಾನೆ, ದಡ್ಡ!"

"ಹೋದ ಸಲ ಕಣ್ಣು ಬಿಟ್ಟಿದ್ರೂ ಏನೂ ಆಗಿರ್ಲಿಲ್ಲ ಕಣಕ್ಕ. ಈ ಸಲ ಖಾರದಪುಡಿ ಬೆರೆಸಿದ್ದೀಯ!" ಎಂದ ಆವಲಪ್ಪ, ಮುಖಕ್ಕೆ ನೀರೆರಚಿಕೊಳ್ಳುತ್ತಾ.

ಎಲ್ಲರೂ ನಕ್ಕರು. ಎಣ್ಣೆ ಉರಿಯುತ್ತದೆ, ಮೊದಲಿನ ಹಾಗಿಲ್ಲ ಎಂದು ಈಚೆಗೆ ಬೇರೆಯವರೂ ಹೇಳುತ್ತಿದ್ದರು. ನಿಮ್ಮ ಚರ್ಮ ನಾಜೂಕಾಗಿದೆ, ಡಾಲ್ಡಾ ತಿಂದು ತಿಂದು ಹೀಗಾಗಿದ್ದೀರಿ ಎಂದು ಮುತ್ತಮ್ಮ ಬಾಯಿ ಮುಚ್ಚಿಸುತ್ತಿದ್ದಳು. ಅವಳು ಹನಿ ಎಣಿಸುತ್ತಿರಲಿಲ್ಲ. ಬೆರೆಸಿದ್ದನ್ನು ಅಂಗೈಗೆ ಸವರಿ ಮೂಸಿ ನೋಡಿ, ಸಾಲದೆನಿಸಿದರೆ ಇನ್ನಷ್ಟು ಬಿಡುವಳು. ಅವಳ ಅಳತೆಗೋಲು ಮೂಗು.

ಗಂಗರತ್ನ ಬಸುರಾದಾಗ ಒಂದು ತೊಡಕು ಎದುರಾಯಿತು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಅವಳಿಗೆ ತಾಯಿ ಇರಲಿಲ್ಲ. ತಂದೆಯ ಎರಡನೆಯ ಹೆಂಡತಿ ಸೀಮಂತಕ್ಕೆ ಬಂದವಳು ಊಟ ಮಾಡಿ, ಆ ಮಾತೇ ಎತ್ತದೆ ಬಸ್ಸು ಹತ್ತಿದಳು. ಗಂಗರತ್ನ ಕೊಟ್ಟಿಗೆಯ ಹಿಂದೆ ನಿಂತು ಅಳುತ್ತಿದ್ದಾಗ ಮುತ್ತಮ್ಮ ಬಂದಳು.

"ಅಳು ಮುಗೀತಾ? ಮುಗಿದ್ಮೇಲೆ ಬಾ, ಮೆಂತ್ಯ ಆರಿಸೋದಿದೆ. ನಿನ್ನ ಬಾಣಂತನ ನಾನು ಮಾಡ್ತೀನಿ. ಹೊಸಕೋಟೆಯೋರು ಮಾಡಿದ್ರೆ ಬರೀ ಸಾರು ಕುಡಿಸಿ ಕಳಿಸೋರು."

ಮಾಡಿದಳು. ಹಗಲು ಭಟ್ಟಿ ನಿಲ್ಲಿಸಿ ಮಾಡಿದಳು. ಹಂಡೆ ನೀರು ಕಾಯಿಸಿ ಸೊಂಟಕ್ಕೆ ಎರೆದಳು, ಕಾಲು ನೀವಿದಳು, ಬೆಳ್ಳುಳ್ಳಿ ಸುಟ್ಟು ಬಾಯಿಗಿಟ್ಟಳು, ತಿನ್ನದಿದ್ದರೆ ಬೈದಳು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀವುವಾಗ ಮಾತ್ರ ಅವಳ ಬಾಯಿ ಸುಮ್ಮನಿರುತ್ತಿತ್ತು. ತನ್ನ ಮೈಯನ್ನು ಇಷ್ಟು ಹೊತ್ತು, ಇಷ್ಟು ಶ್ರದ್ಧೆಯಿಂದ ಯಾರಾದರೂ ಮುಟ್ಟಿದ್ದು ಗಂಗರತ್ನಳಿಗೆ ನೆನಪಿರಲಿಲ್ಲ. ಹೆತ್ತ ತಾಯಿಯ ಕೈ ಹೀಗೇ ಇರುತ್ತಿತ್ತೇನೋ ಎಂದುಕೊಂಡಳು. ಆ ಋಣ ಅವಳ ಎದೆಯಲ್ಲಿ ಗಟ್ಟಿಯಾಗಿ ಕೂತಿತು. ಕೂಸಿಗೆ ಶಿಲ್ಪ ಎಂದು ಹೆಸರಿಟ್ಟರು.

ಮಾರ್ಗಶಿರದ ಚಳಿಗೆ ಬೆಟ್ಟದ ಮಂಜು ಅಂಗಳದವರೆಗೆ ಇಳಿದಿತ್ತು. ಕೂಸಿಗೆ ನೆಗಡಿ ಕಟ್ಟಿ, ಹಾಲು ಕುಡಿಯುವಾಗ ಮೂಗು ಗೊರಗೊರ ಎನ್ನುತ್ತಿತ್ತು. ಬೆಳಿಗ್ಗೆ ನೀರು ಹಾಕಿ ಸಾಂಬ್ರಾಣಿ ಹೊಗೆ ಕೊಟ್ಟ ಮೇಲೆ ಮುತ್ತಮ್ಮ ನೀಲಗಿರಿ ಎಣ್ಣೆಯ ಸೀಸೆ ತೆಗೆದಳು. ಎದೆಗೆ ಸವರಿದಳು, ನೆತ್ತಿಗೆ ಒತ್ತಿದಳು. ಅಂಗೈ ಮೂಸಿ ನೋಡಿ ಮುಖ ಸಿಂಡರಿಸಿದಳು.

"ನೀರಾಗಿದೆ ಈ ಎಣ್ಣೆ. ಸಪ್ಪೆ."

ಇನ್ನಷ್ಟು ಸುರಿದಳು. ಬಾಗಿಲ ಬಳಿ ಕೂತಿದ್ದ ಗಂಗರತ್ನಳ ಕಣ್ಣು ಆಗಲೇ ಉರಿಯುತ್ತಿತ್ತು.

"ಅತ್ತೆ, ಸಾಕು ಬಿಡಿ. ಘಾಟು ಜಾಸ್ತಿ ಆಯ್ತು."

"ನಿಂಗೆ ಈರುಳ್ಳಿ ಹೆಚ್ಚಿದ್ರೂ ಘಾಟು."

"ಇಲ್ಲ ಅತ್ತೆ, ನಿಜವಾಗ್ಲೂ. ನಂಗೇ ಇಲ್ಲಿಗೆ ತಡೆಯೋಕಾಗ್ತಿಲ್ಲ."

"ನಾನು ಎಷ್ಟು ಕೂಸಿಗೆ ನೀರು ಹಾಕಿದ್ದೀನಿ ಗೊತ್ತೇನೇ ನಿಂಗೆ? ನೀನು ಹುಟ್ಟೋಕೆ ಮುಂಚಿಂದ!"

ಒಂದು ಬಟ್ಟೆ ಚೂರಿಗೆ ಎಣ್ಣೆ ತೋಯಿಸಿ ಕೂಸಿನ ಮೂಗಿನ ಹತ್ತಿರ ಇಟ್ಟು, ಮೇಲಿಂದ ಬಿಗಿಯಾಗಿ ಸುತ್ತಿ ಮಲಗಿಸಿದಳು. ಗಂಗರತ್ನ ಬೇಡವೆಂದು ಇನ್ನೊಂದು ಸಲ ಹೇಳಲಿಲ್ಲ. ಬಾಣಂತನ ಮಾಡಿದವಳ ಕೈಗೆ ಅಡ್ಡ ಬರುವುದು ಹೇಗೆ?

ಕೂಸು ಕೆಮ್ಮಿತು. ಆಮೇಲೆ ಅಳಲಿಲ್ಲ. ಆ ಅಳದಿರುವುದೇ ಗಂಗರತ್ನಳನ್ನು ಎಬ್ಬಿಸಿತು. ಬಿಚ್ಚಿ ನೋಡಿದರೆ ತುಟಿ ನೀಲಿಗಟ್ಟಿತ್ತು, ಕೈಕಾಲು ಜೋತು ಬಿದ್ದಿತ್ತು, ಉಸಿರು ಎಳೆದೆಳೆದು ಬರುತ್ತಿತ್ತು. ಆಗ ಅವಳು ಅತ್ತೆಯ ಮುಖ ನೋಡಲಿಲ್ಲ. ಬಟ್ಟೆಯನ್ನೆಲ್ಲ ಕಿತ್ತೆಸೆದು ಕೂಸನ್ನು ಗಾಳಿಗೆ ತಂದಳು, ಒದ್ದೆ ಬಟ್ಟೆಯಿಂದ ಎದೆ ತಲೆ ಒರೆಸಿದಳು, ಒಣ ಸೀರೆಯಲ್ಲಿ ಸುತ್ತಿದಳು. ಜಯಕುಮಾರ ಮಧ್ಯಾಹ್ನದ ಪಾಳಿಗೆ ಹೊರಟು ಲೂನಾ ಒರೆಸುತ್ತಿದ್ದ. ಹಿಂದೆ ಹತ್ತಿ ಕೂತಳು. ಬಾಣಂತಿ ಹೊಸಿಲು ದಾಟಬಾರದೆಂಬುದು ಯಾರಿಗೂ ನೆನಪಾಗಲಿಲ್ಲ.

ದೊಡ್ಡಬಳ್ಳಾಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮ ಕೂಸನ್ನು ಎತ್ತಿಕೊಳ್ಳುತ್ತಲೇ ಮುಖ ಹಿಂದಕ್ಕೆಳೆದುಕೊಂಡರು. "ಏನು ಹಚ್ಚಿದ್ರಿ ಇದಕ್ಕೆ?" ಎಂದದ್ದೊಂದೇ. ಆಮ್ಲಜನಕ ಕೊಟ್ಟರು. ಮೈಯನ್ನು ಸೋಪು ಹಾಕಿ ತೊಳೆಸಿದರು. ಸಂಜೆಯ ಹೊತ್ತಿಗೆ ಕೂಸು ಅತ್ತಿತು. ಕಾರಿಡಾರಿನಲ್ಲಿ ಕೂತಿದ್ದ ಗಂಗರತ್ನ ಆ ಅಳು ಕೇಳಿ ಎದ್ದು ಒಳಗೆ ಓಡಿದಳು.

ಮರುದಿನ ಮುತ್ತಮ್ಮ ಬಸ್ಸಿನಲ್ಲಿ ಬಂದಳು, ಗಂಜಿ ತುಂಬಿದ ಡಬ್ಬಿ ಹಿಡಿದು. ಡಾಕ್ಟರಮ್ಮ ಮೂವರನ್ನೂ ಕೂರಿಸಿಕೊಂಡು ಮಾತಾಡಿದರು.

"ನೀಲಗಿರಿ ಎಣ್ಣೆ ಕೆಟ್ಟದ್ದಲ್ಲ. ದೊಡ್ಡವರಿಗೆ ನಾನೂ ಹೇಳ್ತೀನಿ. ಆವಿಗೆ ಎರಡು ಮೂರು ಹನಿ, ಕಣ್ಣು ಮುಚ್ಚಿ. ಕೀಲು ನೋವಿಗೆ ಬೇರೆ ಎಣ್ಣೆಯಲ್ಲಿ ತೆಳ್ಳಗೆ ಬೆರೆಸಿ, ಮೊದಲು ಮೊಣಕೈ ಒಳಗಡೆ ಒಂಚೂರು ಹಚ್ಚಿ, ಒಂದು ದಿನ ನೋಡಿ ಆಮೇಲೆ. ಉಬ್ಬಸ ಇದ್ದೋರು, ಬಸುರಿಯರು ಡಾಕ್ಟರನ್ನ ಕೇಳದೆ ಬಳಸಬಾರದು. ಆದರೆ ಎಳೇ ಕೂಸಿನ ಹತ್ತಿರ ಇದು ಬರಲೇಬಾರದು. ಮೂಗಿಗೂ ಬೇಡ, ಎದೆಗೂ ಬೇಡ, ಬಟ್ಟೆಗೂ ಬೇಡ. ಕರ್ಪೂರವೂ ಅಷ್ಟೆ. ಮಕ್ಕಳ ಹೊಟ್ಟೆಗೆ ಒಂದು ಚಮಚ ಹೋದ್ರೂ ಜೀವಕ್ಕೇ ಅಪಾಯ. ಸೀಸೆ ಕೈಗೆ ಸಿಗೋ ಹಾಗೆ ಇಡಬೇಡಿ."

"ಅದು ಸಪ್ಪೆ ಎಣ್ಣೆ," ಎಂದಳು ಮುತ್ತಮ್ಮ. "ಘಾಟೇ ಇರಲಿಲ್ಲ."

ಮನೆಯಲ್ಲಿ ಎಣ್ಣೆಯ ಭಟ್ಟಿ ಇದೆಯೆಂದು ಜಯಕುಮಾರನಿಂದ ತಿಳಿದಿದ್ದ ಡಾಕ್ಟರಮ್ಮ, ಕೂಸನ್ನು ಸುತ್ತಿ ತಂದಿದ್ದ ಸೀರೆಯನ್ನು ತರಿಸಿದರು. ಗಂಟು ಕಟ್ಟಿಟ್ಟಿದ್ದ ಚೀಲ ಬಿಚ್ಚಿದ ಕೂಡಲೇ ನರ್ಸು ಕೆಮ್ಮುತ್ತಾ ಕಿಟಕಿ ತೆರೆದಳು. ಜಯಕುಮಾರ ತಲೆ ತಿರುಗಿಸಿದ. ಮುತ್ತಮ್ಮನ ಮುಖದ ಹತ್ತಿರ ಹಿಡಿದರೆ ಅವಳ ರೆಪ್ಪೆ ಕೂಡ ಅಲುಗಲಿಲ್ಲ.

"ಭಟ್ಟಿ ಮುಂದೆ ಎಷ್ಟು ವರ್ಷದಿಂದ ಕೂರ್ತಿದ್ದೀರಮ್ಮ?"

"ಇವನು ಸ್ಕೂಲಿಗೆ ಹೋಗ್ತಿದ್ದಾಗಿಂದ."

"ಈ ಒಂದು ವಾಸನೆ ನಿಮ್ಮ ಮೂಗಿಗೆ ರೂಢಿಯಾಗಿ ಹೋಗಿದೆ. ನಿಮಗದು ಗೊತ್ತಾಗೋದೇ ಇಲ್ಲ. ಅದಕ್ಕೇ ಹಾಕ್ತಾ ಹೋಗಿದ್ದೀರಿ."

ಹಾಗಾದರೆ ಹೊಸಿಲು ದಾಟಿದ ವಾರ ಅತ್ತೆ ಹಂಗಿಸಿದ್ದಲ್ಲ, ನಿಜವಾಗಿಯೇ ಕೇಳಿದ್ದು ಎಂದು ಗಂಗರತ್ನಳಿಗೆ ಆಗ ತಿಳಿಯಿತು. ಮುತ್ತಮ್ಮ ಮಾತ್ರ ಒಪ್ಪಲಿಲ್ಲ. ಹೊರಗೆ ಬಂದು ಬಸ್‌ಸ್ಟ್ಯಾಂಡಿನವರೆಗೂ ಗೊಣಗಿದಳು. "ಒಳಗೆ ಫಿನಾಯಿಲ್ ವಾಸನೆ ಬಂತು ನಂಗೆ. ಆ ನರ್ಸು ಮುಡಿದಿದ್ದ ಕನಕಾಂಬರದ ಜೊತೆ ಮರುಗ ಇತ್ತು, ಅದೂ ಬಂತು. ಮೂಗಿಲ್ಲ ಅಂತಾಳೆ, ಮೂಗಿಲ್ಲ!"

ಕೂಸು ಮನೆಗೆ ಬಂತು. ಅಲ್ಲಿಂದ ಮುತ್ತಮ್ಮ ಸೊಸೆಯೊಡನೆ ಮಾತು ಕಡಿಮೆ ಮಾಡಿದಳು. ಕೂಸನ್ನು ಎತ್ತಿಕೊಳ್ಳುತ್ತಿರಲಿಲ್ಲ, ತೊಟ್ಟಿಲ ಪಕ್ಕ ಹಾದು ಹೋಗುವಾಗ ನಿಂತು ನೋಡಿ ಮುಂದೆ ಹೋಗುವಳು. ಆದರೆ ನಲ್ಲಿಯ ಹತ್ತಿರ ಹೆಂಗಸರು ಕೇಳಿದಾಗ ಅವಳು ಕೊಟ್ಟ ಉತ್ತರ ಗಂಗರತ್ನಳ ಕಿವಿಗೂ ಬಿತ್ತು. "ಗಾಳಿ ಸೋಕಿತ್ತು ಕಣ್ರೇ. ನೀರು ಹಾಕಿದ ಕೂಸನ್ನ ಬಾಗಿಲಲ್ಲಿ ಹಿಡ್ಕೊಂಡು ಕೂತಿದ್ಲು ನಮ್ಮ ಸೊಸೆ." ಅಂದಿನಿಂದ ಬಿಂದಿಗೆ ಹಿಡಿದು ಹೋದಾಗಲೆಲ್ಲ ಯಾರಾದರೊಬ್ಬರು ಬುದ್ಧಿ ಹೇಳುವವರೇ. ಹೊಸಕೋಟೆ ಕಡೆ ಕೂಸನ್ನ ಹಿಂಗೇ ಸಾಕ್ತಾರೇನಮ್ಮ? ತಾಯಿಯಿಲ್ಲದ ಹುಡುಗಿ ಪಾಪ, ಹೇಳಿಕೊಡೋರು ಯಾರು?

ಜಯಕುಮಾರ ಕೆರಳಿದ. "ನಾನು ಕೇಳ್ತೀನಿ ಇವತ್ತು ಅಮ್ಮನ್ನ."

"ಬೇಡ," ಎಂದಳು ಗಂಗರತ್ನ. "ನನ್ನ ಕಾಲು ನೀವಿದ ಕೈ ಅದು. ಅನ್ನಲಿ ಬಿಡು."

ಅನ್ನಿಸಿಕೊಳ್ಳುವುದು ಅವಳಿಗೆ ಕಷ್ಟವಾಗಿರಲಿಲ್ಲ. ನಿದ್ದೆಗೆಡಿಸಿದ್ದು ಬೇರೆಯ ವಿಷಯ. ಬಾಣಂತಿ ಇರುವ ಮನೆಗೆ ಒಂದು ಸೀಸೆ ನೀಲಗಿರಿ ಎಣ್ಣೆ ಪುಕ್ಕಟೆ ಕೊಡುವುದು ಮುತ್ತಮ್ಮನ ಪದ್ಧತಿ. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಅಲ್ಲಿಗೆ ಸೀಸೆ ಹೋಗುತ್ತಿತ್ತು. ಎದುರು ಸಾಲಿನ ರುಕ್ಮಿಣಮ್ಮನ ಮಗಳು ಹೆರಿಗೆಗೆ ತವರಿಗೆ ಬಂದು ಗಂಡು ಹೆತ್ತಿದ್ದಳು. ಚಳಿ ಇನ್ನೂ ಇಳಿದಿರಲಿಲ್ಲ. ಗಾಳಿ ಸೋಕಿತ್ತು ಎಂದು ನಂಬಿದ ಊರು ಎಣ್ಣೆಗೆ ಯಾಕೆ ಹೆದರಬೇಕು? ತಾನು ಬಾಯಿ ತೆರೆದರೆ ಅತ್ತೆಯ ಮಾನ ಹೋಗುತ್ತದೆ. ತೆರೆಯದಿದ್ದರೆ ಇನ್ನೊಬ್ಬಳ ಕೂಸು.

ಮುಂದೆ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಆ ಭಟ್ಟಿ ಗಂಗರತ್ನಳ ಕೈಗೆ ಬಂದಿತ್ತು. ಅವಳು ಡಾಕ್ಟರಮ್ಮನ ಮಾತನ್ನೇ ಹಿಡಿದು ಹನಿ ಎಣಿಸಿ ಬೆರೆಸುವಳು, ಸೀಸೆಗಳನ್ನು ಅಟ್ಟದ ಮೇಲೆ, ಒಲೆಯಿಂದ ದೂರ ಇಡುವಳು, ಎಣ್ಣೆ ಕೇಳಿ ಬಂದವರನ್ನು ಮನೆಯಲ್ಲಿ ಕೂಸಿದೆಯೇ ಎಂದು ಮೊದಲು ಕೇಳುವಳು. ಭಟ್ಟಿಯ ಮುಂದೆ ಸತತವಾಗಿ ಕೂರದೆ ಆಗಾಗ ಬಯಲಿಗೆ ಹೋಗಿ ಬರುವಳು. ಸೊಪ್ಪು ತುಂಬುವುದು, ಮಣ್ಣು ಮೆತ್ತುವುದು, ಬೆಂಕಿಯನ್ನು ಹದದಲ್ಲಿಡುವುದು, ಇಷ್ಟನ್ನೂ ಕಲಿಸಿದವಳು ಅತ್ತೆಯೇ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುವಳು. ತಾನು ಉಂಡ ಅನ್ನದಲ್ಲಿ ಆ ಹೆಂಗಸಿನ ಪಾಲಿದೆ ಎಂಬುದರಲ್ಲಿ ಅವಳಿಗೆ ಎಂದೂ ಸಂಶಯವಿರಲಿಲ್ಲ. ಆದರೆ ಆ ಚಳಿಗಾಲದಲ್ಲಿ ಇದಾವುದೂ ಅವಳಿಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ರುಕ್ಮಿಣಮ್ಮನ ಮನೆಯ ಬಾಗಿಲು ಮಾತ್ರ.

ಒಂದು ಮಧ್ಯಾಹ್ನ ಆ ಬಾಗಿಲೇ ಎದ್ದು ಬಂದಂತೆ ರುಕ್ಮಿಣಮ್ಮ ಖಾಲಿ ಸೀಸೆ ಹಿಡಿದು ಭಟ್ಟಿಯ ಹತ್ತಿರ ಬಂದಳು. ಮುತ್ತಮ್ಮ ಒಲೆಗೆ ಸೊಪ್ಪು ದಬ್ಬುತ್ತಿದ್ದಳು. ಗಂಗರತ್ನ ಕೂಸನ್ನು ಹೆಗಲಿಗೆ ಹಾಕಿಕೊಂಡು ಸ್ವಲ್ಪ ದೂರದಲ್ಲಿ, ಗಾಳಿ ಬರುವ ಕಡೆ ನಿಂತಿದ್ದಳು.

"ಮುತ್ತಕ್ಕ, ಒಂಚೂರು ಎಣ್ಣೆ ಕೊಡು. ಮೊಮ್ಮಗನಿಗೆ ಮೂಗು ಕಟ್ಟಿ ನಿದ್ದೇನೇ ಇಲ್ಲ. ಏನು, ನನ್ನ ಮರ್ತೇಬಿಟ್ಯಾ? ಬೇರೆಯೋರ ಮನೆಗೆಲ್ಲ ನೀನೇ ಕಳಿಸ್ತಿದ್ದೆ."

ಮುತ್ತಮ್ಮ ಸೀಸೆ ಇಸಿದುಕೊಂಡಳು.

ಗಂಗರತ್ನ ಒಂದು ಹೆಜ್ಜೆ ಮುಂದೆ ಬಂದಳು. ಇನ್ನು ಸುಮ್ಮನಿರುವ ಹಾಗಿರಲಿಲ್ಲ. "ರುಕ್ಮಿಣಕ್ಕ, ಅದನ್ನ ಕೂಸಿಗೆ ಹಚ್ಚಬೇಡಿ," ಎಂದಳು. ದನಿ ಅವಳು ಎಣಿಸಿದ್ದಕ್ಕಿಂತ ಜೋರಾಗಿ ಬಂತು. "ಡಾಕ್ಟರಮ್ಮ ಹೇಳಿದ್ದಾರೆ. ಉಸಿರು ಕಟ್ಟುತ್ತೆ."

ರುಕ್ಮಿಣಮ್ಮ ಸೊಂಟಕ್ಕೆ ಕೈ ಕೊಟ್ಟು ತಿರುಗಿದಳು. "ನೋಡ್ದಾ ಮುತ್ತಕ್ಕ, ನಿನ್ನೆ ಮೊನ್ನೆ ಬಂದೋಳು ನಿನ್ನ ಎಣ್ಣೆಗೇ ಹೆಸರಿಡ್ತಾಳೆ! ನಮ್ಮ ಮಕ್ಕಳೆಲ್ಲ ಈ ಮುತ್ತಕ್ಕನ ಕೈಯಲ್ಲೇ ಬೆಳೆದ್ವು ಕಣಮ್ಮ. ಕೂಸನ್ನ ಗಾಳಿಗೆ ಹಿಡಿದೋಳು ನೀನು. ಈಗ್ಲೂ ನೋಡು, ಹೆಂಗೆ ಬಯಲಲ್ಲಿ ನಿಂತಿದ್ದಾಳೆ!"

ಗಂಗರತ್ನ ಅತ್ತೆಯ ಕಡೆ ನೋಡಲಿಲ್ಲ. ಈ ಮನೆಯಲ್ಲಿ ತನ್ನ ಬಾಳು ಇಲ್ಲಿಗೆ ಕೆಟ್ಟಿತು ಎಂದುಕೊಂಡು, ಮತ್ತೆ ಹೇಳಿದಳು. "ಬೇಡ ಅಕ್ಕ. ನಿಮ್ಮ ಕಾಲು ಹಿಡ್ಕೋತೀನಿ. ಹಚ್ಚಬೇಡಿ."

ಮುತ್ತಮ್ಮ ಎದ್ದಳು. ಮಂಡಿಯ ಮೇಲೆ ಕೈಯೂರಿ, ನಿಧಾನವಾಗಿ. ಖಾಲಿ ಸೀಸೆಯನ್ನು ಸೆರಗಿನಿಂದ ಒರೆಸಿದಳು, ಬಿರಡೆ ಬಿಗಿದಳು, ಖಾಲಿಯಾಗಿಯೇ ರುಕ್ಮಿಣಮ್ಮನ ಅಂಗೈಯಲ್ಲಿಟ್ಟು ಬೆರಳುಗಳನ್ನು ಅದರ ಮೇಲೆ ಮುಚ್ಚಿದಳು.

"ಮಗಳಿಗೆ ಹೇಳು, ಎದೆಹಾಲು ಬಿಡದಂಗೆ ಕುಡಿಸಲಿ. ಬೆಚ್ಚಗೆ ಮಲಗಿಸಲಿ. ಉಸಿರು ಎಳೆದ್ರೆ ನಮ್ಮ ಜಯನ್ನ ಕೂಗು, ಗಾಡೀಲಿ ದೊಡ್ಡಬಳ್ಳಾಪುರಕ್ಕೆ ಕರ್ಕೊಂಡು ಹೋಗ್ತಾನೆ."

"ಅಯ್ಯೋ, ನೀನೂ ಸೊಸೆ ಮಾತು ಕೇಳೋಕೆ..."

"ಗಾಳಿ ಸೋಕಿದ್ದಲ್ಲ ಕಣೇ ನಮ್ಮ ಕೂಸಿಗೆ. ನಾನು ಹಚ್ಚಿದ್ದು. ಇವಳು ಬೇಡ ಬೇಡ ಅಂದ್ಲು."

ಮುತ್ತಮ್ಮ ತೊಟ್ಟಿಯ ಹತ್ತಿರ ಹೋಗಿ ಎರಡೂ ಕೈಗಳನ್ನು ಬೂದಿ ಹಾಕಿ ಮೊಣಕೈವರೆಗೆ ತಿಕ್ಕಿ ತೊಳೆದಳು. ಒರೆಸಿಕೊಂಡಳು. ಆಮೇಲೆ ಬಂದು, ಏನೂ ಹೇಳದೆ, ಕೂಸನ್ನು ಕೊಡೆಂದು ಸೊಸೆಯ ಮುಂದೆ ಕೈ ಚಾಚಿ ನಿಂತಳು.